ಇರುಳಲ್ಲಿ ಕೊರೆದ ಮಣ್ಣು

1970ರ ಸೆಪ್ಟೆಂಬರ್ 20. ಚಂದ್ರನ ಪೂರ್ವದಂಚಿನತ್ತ ಇರುವ ಮೇರ್ ಫೆಕುಂಡಿಟಾಟಿಸ್ ಎಂಬ ಲಾವಾ ಬಯಲಿನಲ್ಲಿ ನಿಂತಿದ್ದೀರಿ. ಸೂರ್ಯ ಮುಳುಗಿ ಎರಡು ದಿನ ದಾಟಿದೆ, ಬೆಳಗಾಗಲು ಇನ್ನೂ ಸುಮಾರು ಹನ್ನೆರಡು ದಿನ ಬೇಕು. ಪಶ್ಚಿಮದ ಆಕಾಶದಲ್ಲಿ ಕುಡುಗೋಲಿನಂತೆ ಬಾಗಿದ ಭೂಮಿ. ನೆಲದ ಮೇಲಿರುವುದು ಅದರ ಮಸುಕು ಬೆಳಕೊಂದೇ.

ಅಗೋ, ಮೇಲೆ ಬೆಂಕಿ. ಸದ್ದಿಲ್ಲ. ಹತ್ತಿರ ಬಂದಂತೆ ದೊಡ್ಡ ಎಂಜಿನ್ ಆರುತ್ತದೆ, ಸಣ್ಣವು ಉಳಿದ ವೇಗವನ್ನು ತಗ್ಗಿಸುತ್ತವೆ. ಎದ್ದ ದೂಳು ತೇಲುವುದಿಲ್ಲ, ಗಾಳಿಯೇ ಇಲ್ಲವಲ್ಲ. ಸುತ್ತಲೂ ಚಿಮ್ಮಿ ಹಾಗೆಯೇ ನೆಲಕ್ಕೆ ಬೀಳುತ್ತದೆ. ನಾಲ್ಕು ಕಾಲೂರಿ ನಿಂತಿದೆ ಸೋವಿಯತ್ ನೌಕೆ ಲೂನಾ 16. ಚಂದ್ರನ ಮಣ್ಣನ್ನು ಭೂಮಿಗೆ ತರುವುದು ಇದರ ಕೆಲಸ. ಹಿಂದಿನ ವರ್ಷದ ಜುಲೈನಲ್ಲಿ, ಅಪೊಲೊ 11ರ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಇನ್ನೂ ಚಂದ್ರನ ಮೇಲಿದ್ದಾಗಲೇ, ಇದೇ ಕೆಲಸಕ್ಕೆಂದು ಬಂದ ಲೂನಾ 15 ನೆಲಕ್ಕಪ್ಪಳಿಸಿ ಚೂರಾಗಿತ್ತು.

ಈಗ ಪಕ್ಕದ ತೋಳು ಕೆಳಗಿಳಿಯುತ್ತದೆ. ಅದರ ತುದಿಯಲ್ಲಿ ಒಳಗೆ ಪೊಳ್ಳಾದ ಬೈರಿಗೆ. ತಿರುಗುತ್ತ ಮಣ್ಣಿಗಿಳಿದು, ಕೊರೆದದ್ದನ್ನೆಲ್ಲ ಒಡಲಲ್ಲೇ ತುಂಬಿಕೊಳ್ಳುತ್ತದೆ. ಸುಮಾರು ಏಳು ನಿಮಿಷ. 35 ಸೆಂಟಿಮೀಟರ್ ಆಳದಲ್ಲಿ ಗಟ್ಟಿ ಕಲ್ಲು ಸಿಕ್ಕಿ, ಕೊರೆತ ಅಲ್ಲಿಗೆ ನಿಲ್ಲುತ್ತದೆ. ತೋಳು ಮೇಲೆದ್ದು ನೌಕೆಯ ನೆತ್ತಿಯ ಮೇಲಿನ ಗುಂಡಗಿನ ಕೋಶಕ್ಕೆ ಮಣ್ಣನ್ನು ಸೇರಿಸುತ್ತದೆ. ಬಾಗಿಲು ಭದ್ರವಾಗುತ್ತದೆ. ಮಣ್ಣಿನ ತೂಕ 101 ಗ್ರಾಂ.

ಇಳಿದು 26 ಗಂಟೆ 25 ನಿಮಿಷಕ್ಕೆ ಮೇಲಿನ ಭಾಗದ ರಾಕೆಟ್ ಹೊತ್ತಿಕೊಳ್ಳುತ್ತದೆ. ಅದನ್ನೇ ನೋಡಿ: ಭೂಮಿ ಇರುವುದು ಪಶ್ಚಿಮಕ್ಕೆ, ರಾಕೆಟ್ ಏರುತ್ತಿರುವುದು ನೆಟ್ಟಗೆ ನೆತ್ತಿಯ ಕಡೆಗೆ! ಈ ಯೋಜನೆಯಲ್ಲಿ ನನಗೆ ಅತಿ ಸುಂದರವಾಗಿ ಕಾಣುವುದು ಇದೇ. ಚಂದ್ರ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ ಭೂಮಿಯನ್ನು ಸುತ್ತುತ್ತಾನೆ. ಈ ಬಯಲಿರುವುದು ಆ ಓಟದ ಬೆನ್ನಿನ ಭಾಗದಲ್ಲಿ. ಇಲ್ಲಿಂದ ಲಂಬವಾಗಿ ಹಾರಿದ್ದು ಚಂದ್ರನ ಓಟಕ್ಕೆ ಎದುರಾಗಿ ಹಾರಿದಂತೆ. ಚಂದ್ರನ ಸೆಳೆತ ದಾಟುವ ಹೊತ್ತಿಗೆ ಅವನಿಂದ ಪಡೆದಿದ್ದ ವೇಗದ ಬಹುಪಾಲು ಕಳೆದುಹೋಗಿರುತ್ತದೆ. ಮುಂದೆ ಭೂಮಿಯೇ ತನ್ನತ್ತ ಎಳೆದುಕೊಳ್ಳುತ್ತದೆ. ಅಂದಿನ ಯಂತ್ರಗಳಿಗೆ ದಾರಿ ತಿದ್ದಿಕೊಳ್ಳುವ ಜಾಣ್ಮೆ ಕಡಿಮೆ. ಹಾಗಾಗಿ ದಾರಿ ತಿದ್ದುವ ಅಗತ್ಯವೇ ಬೀಳದ ಜಾಗವನ್ನು ಎಂಜಿನಿಯರುಗಳು ಹುಡುಕಿಕೊಂಡರು. ಗಣಿತ ಮಾಡಿದ ಉಪಕಾರ ಇದು. ಹೆಚ್ಚು ಭಾರ ಹೊರಲಾಗದ ನೌಕೆಗೆ ಇದಕ್ಕಿಂತ ದೊಡ್ಡ ನೆರವು ಬೇರೆ ಯಾವುದಿತ್ತು?

ಮೂರು ದಿನದ ಬಳಿಕ, ಸೆಪ್ಟೆಂಬರ್ 24ರ ಬೆಳಿಗ್ಗೆ, ಕಜಾಕಸ್ತಾನದ ಹುಲ್ಲುಗಾವಲು. ಆಕಾಶದಲ್ಲಿ ಪ್ಯಾರಾಚೂಟ್ ಬಿಚ್ಚಿದೆ. ವಾತಾವರಣದ ಉರಿಯನ್ನೂ ಭೂಮಿಯ ಸೆಳೆತಕ್ಕಿಂತ ನೂರಾರು ಪಟ್ಟು ಒತ್ತಡವನ್ನೂ ತಾಳಿಕೊಂಡ ಆ ಗುಂಡಗಿನ ಕೋಶ ಜೆಜ್‌ಕಜ್‌ಗಾನ್ ಊರಿನ ಆಗ್ನೇಯಕ್ಕೆ ನೆಲ ಮುಟ್ಟುತ್ತದೆ. ಮನುಷ್ಯನ ಕೈ ತಾಗದೆ ಇನ್ನೊಂದು ಲೋಕದ ಮಣ್ಣು ಭೂಮಿಗೆ ಬಂದದ್ದು ಇದೇ ಮೊದಲು.

ಅಪೊಲೊ 11ರ ಗಗನಯಾತ್ರಿಗಳು ತಂದ 21 ಕಿಲೋಗಿಂತ ಹೆಚ್ಚಿನ ಕಲ್ಲುಮಣ್ಣಿನ ಮುಂದೆ 101 ಗ್ರಾಂ ಏನು ಮಹಾ ಎಂದವರಿರಬಹುದು. ನಾನು ಒಪ್ಪುವುದಿಲ್ಲ. ಇದು ಮನುಷ್ಯರು ಕಾಲಿಡದ ಬಯಲಿನ ಮಣ್ಣು. ಮಾಸ್ಕೋದಲ್ಲಿ ತೆರೆದಾಗ ಕಂಡದ್ದು ಕಡುಬೂದಿ ಬಣ್ಣದ ಪುಡಿ. ಅದರಲ್ಲಿದ್ದ ಬಸಾಲ್ಟ್ ಚೂರುಗಳ ವಯಸ್ಸು ಸುಮಾರು 340 ಕೋಟಿ ವರ್ಷ. ಮರುವರ್ಷ ಅದರಲ್ಲಿ ಮೂರು ಗ್ರಾಂ ಅಮೆರಿಕಕ್ಕೆ ಹೋಯಿತು, ಅಪೊಲೊ ಮಣ್ಣು ಮಾಸ್ಕೋಗೆ ಬಂತು.