ಬಂದೂಕಿನ ಒದೆತ, ಮಗನ ಮಣಿಕಟ್ಟು

ಒಂಬತ್ತನೆ ತರಗತಿಯ ಮಕ್ಕಳಿಗೆ ನ್ಯೂಟನ್ನನ ಮೂರನೆ ನಿಯಮ ಹೇಳಿಕೊಡುವಾಗ ಬಂದೂಕು ಬಂದೇ ಬರುತ್ತದೆ. ಗುಂಡು ಮುಂದಕ್ಕೆ ಹಾರಿದರೆ ಬಂದೂಕು ಹಿಂದಕ್ಕೆ ಒದೆಯುತ್ತದೆ. ಗುಂಡಿನ ತೂಕ ಇಷ್ಟು, ವೇಗ ಇಷ್ಟು, ಹಾಗಾದರೆ ಬಂದೂಕು ಹಿಮ್ಮೆಟ್ಟುವ ವೇಗ ಎಷ್ಟು ಎಂಬ ಲೆಕ್ಕವನ್ನು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬಿಡಿಸುತ್ತಲೇ ಬಂದಿದ್ದೇನೆ. ನಿಜವಾದ ಬಂದೂಕನ್ನು ಮಾತ್ರ ನಾನು ಮುಟ್ಟಿದವಳಲ್ಲ. ನಮ್ಮ ಮನೆಯಲ್ಲಿ ಈ ವಿಷಯದ ಪಂಡಿತನೆಂದರೆ ಎಂಜಿನಿಯರಿಂಗ್ ಎರಡನೆ ವರ್ಷದಲ್ಲಿರುವ ನನ್ನ ಮಗ. ಅವನೂ ಮುಟ್ಟಿಲ್ಲ ಅನ್ನಿ. ಅವನದೇನಿದ್ದರೂ ‘ಕೌಂಟರ್-ಸ್ಟ್ರೈಕ್’ ಎಂಬ ಕಂಪ್ಯೂಟರ್ ಆಟದ ಬಂದೂಕು.

ಈ ಆಟ ಹೊಸದಲ್ಲ. 1999ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು ‘ಹಾಫ್-ಲೈಫ್’ ಎಂಬ ಇನ್ನೊಂದು ಆಟವನ್ನು ತಮಗೆ ಬೇಕಾದಂತೆ ತಿದ್ದಿ ಮಾಡಿದ್ದು. ಮರುವರ್ಷ ವಾಲ್ವ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಸೈಬರ್ ಕೆಫೆಗಳ ಕಾಲದಲ್ಲಿ ಗಂಟೆಯ ಲೆಕ್ಕದಲ್ಲಿ ಕಾಸು ಕೊಟ್ಟು ಇದನ್ನಾಡಿದವರು ಈಗ ನಲವತ್ತರ ಆಸುಪಾಸಿನ ಗೃಹಸ್ಥರು. ಮಗ ಆಡುವುದು 2023ರಲ್ಲಿ ಬಂದ ‘ಕೌಂಟರ್-ಸ್ಟ್ರೈಕ್ 2’. ಈ ಕಡೆ ಐವರು, ಆ ಕಡೆ ಐವರು. ಒಂದು ಗುಂಪು ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಮೇಷ್ಟರ ಮನೆಯಲ್ಲಿ ಇದೆಂಥ ಆಟ ಎಂದು ನೀವು ಹುಬ್ಬೇರಿಸಬಹುದು. ನಾನೂ ಏರಿಸಿದ್ದೆ. ಈಗಲೂ ಪೂರ್ತಿ ಇಳಿಸಿಲ್ಲ.

ಆದರೆ ಒಂದು ದಿನ ಅವನ ಹಿಂದೆ ನಿಂತು ನೋಡಿದರೆ ಪರದೆಯ ಮೇಲೆ ಶತ್ರುವೂ ಇಲ್ಲ, ಮಿತ್ರನೂ ಇಲ್ಲ. ಒಂದು ಖಾಲಿ ಗೋಡೆ. ಅದಕ್ಕೆ ದಡದಡನೆ ಗುಂಡು ಹೊಡೆಯುವುದು, ತೂತುಗಳನ್ನು ಕಣ್ಣು ಕಿರಿದು ಮಾಡಿ ನೋಡುವುದು, ಪಕ್ಕಕ್ಕೆ ಸರಿದು ಮತ್ತೆ ಹೊಡೆಯುವುದು. ಮುಕ್ಕಾಲು ಗಂಟೆ ಇದೇ ಕೆಲಸ. ಇದೇನೋ ಹುಚ್ಚು ಎಂದೆ.

“ಅಮ್ಮಾ, ಎಕೆ-47 ಗುಂಡು ಸುಮ್ನೆ ಅಡ್ಡಾದಿಡ್ಡಿ ಹೋಗಲ್ಲ. ಪ್ರತಿ ಸಲಾನೂ ಒಂದೇ ದಾರಿ ಹಿಡಿಯತ್ತೆ. ನೀನೇ ನೋಡು,” ಎಂದು ಮೌಸನ್ನು ಅಲ್ಲಾಡಿಸದೆ ಗುಂಡಿ ಒತ್ತಿ ಹಿಡಿದ. ನಿಮಿಷಕ್ಕೆ 600 ಗುಂಡು, ಅಂದರೆ ಸೆಕೆಂಡಿಗೆ 10. ಒಂದು ಮ್ಯಾಗಜೀನಿನ 30 ಗುಂಡು ಮೂರು ಸೆಕೆಂಡಿನಲ್ಲಿ ಖಾಲಿ. ಮೊದಲ ಏಳೆಂಟು ತೂತುಗಳು ಗೋಡೆಯ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ಹತ್ತಿದವು. ಉಳಿದವು ಮೇಲೆ ಹೋಗಿ ಎಡಕ್ಕೂ ಬಲಕ್ಕೂ ತೂಗಾಡಿದವು. ಪಕ್ಕದಲ್ಲಿ ಮತ್ತೊಮ್ಮೆ ಹೊಡೆದ. ಅದೇ ಆಕಾರ! ಗುಂಡುಗಳು ಒಂದಿಷ್ಟು ಆಚೀಚೆ ಚದುರುವುದುಂಟು, ಅದು ಯಾರ ಹಿಡಿತಕ್ಕೂ ಸಿಗದು. ಆದರೆ ಒಟ್ಟು ದಾರಿ ಬದಲಾಗದು. ಆ ದಾರಿಗೆ ಸರಿಯಾಗಿ ಎದುರು ದಾರಿಯಲ್ಲಿ ಕೈ ಮೌಸನ್ನು ಎಳೆಯುತ್ತ ಹೋದರೆ ಗುಂಡುಗಳೆಲ್ಲ ಒಂದು ಗುಪ್ಪೆಯಲ್ಲಿ ಬೀಳುತ್ತವೆ. ಬಂದೂಕು ಮೇಲೆದ್ದರೆ ಕೈ ಕೆಳಗೆ, ಅದು ಎಡಕ್ಕೆ ವಾಲಿದರೆ ಕೈ ಬಲಕ್ಕೆ. ಚುಕ್ಕಿ ರಂಗೋಲಿಯ ಎಳೆಯನ್ನು ತಲೆಕೆಳಗು ಮಾಡಿ, ಮೂರೇ ಸೆಕೆಂಡಿನಲ್ಲಿ ಎಳೆದು ಮುಗಿಸಿದ ಹಾಗೆ.

ನನಗೆ ಕುತೂಹಲ ಹತ್ತಿತು. ನಿಜವಾದ ಬಂದೂಕಿನ ಮೂತಿ ಮೇಲೇಳಲು ಕಾರಣವಿದೆ. ನಳಿಗೆ ಇರುವುದು ಹೆಗಲಿಗೆ ಒತ್ತಿದ ಜಾಗಕ್ಕಿಂತ ಮೇಲೆ. ಒದೆತದ ಬಲ ಮೇಲಿನ ಗೆರೆಯಲ್ಲಿ, ತಡೆ ಕೆಳಗೆ, ಹಾಗಾಗಿ ಬಂದೂಕು ತಿರುಗುತ್ತದೆ. 1959ರಲ್ಲಿ ಬಂದ ಎಕೆಎಂ ಮಾದರಿಯ ನಳಿಗೆಯ ತುದಿಗೆ ಓರೆಯಾಗಿ ಕತ್ತರಿಸಿದ ತುಂಡೊಂದನ್ನು ಜೋಡಿಸಿದ್ದು ಈ ಏಳಾಟವನ್ನು ತಗ್ಗಿಸುವುದಕ್ಕೇ. ಮೌಸಿಗೆ ಇದ್ಯಾವುದೂ ಇಲ್ಲ. ಮೇಜಿನ ಮೇಲೆ ಬಡಪಾಯಿಯಂತೆ ಬಿದ್ದಿರುವ ಅದು ಯಾರನ್ನೂ ಒದೆಯುವುದಿಲ್ಲ. ಒದೆತ ಸುಳ್ಳು, ಅದನ್ನು ತಡೆಯುವ ಮಣಿಕಟ್ಟು ಮಾತ್ರ ನಿಜ.

ಎಲ್ಲ ಆಟಗಳೂ ಹೀಗಲ್ಲವಂತೆ. 2020ರಲ್ಲಿ ಬಂದ ‘ವ್ಯಾಲೊರಂಟ್’ನಲ್ಲಿ ಮೊದಲ ಕೆಲವು ಗುಂಡುಗಳಾದ ಮೇಲೆ ಬಂದೂಕು ಯಾವಾಗ ಯಾವ ಪಕ್ಕಕ್ಕೆ ಹೊರಳುತ್ತದೆಂದು ಹೇಳಲಾಗದು, ಬಾಯಿಪಾಠಕ್ಕಿಂತ ಕಣ್ಣಿನ ಚುರುಕು ಮುಖ್ಯ. ಫೋನಿನಲ್ಲಿ ಪಬ್ಜಿ ಥರದ ಆಟ ಆಡುವವರು ಫೋನನ್ನೇ ಬಾಗಿಸಿ ಬಂದೂಕನ್ನು ಇಳಿಸುತ್ತಾರೆ. ಕೌಂಟರ್-ಸ್ಟ್ರೈಕಿನಲ್ಲೂ ಒದೆತವೊಂದೇ ಪಾಠವಲ್ಲ: ಓಡುತ್ತ ಹೊಡೆದರೆ ಗುಂಡು ಎಲ್ಲೆಲ್ಲೋ, ಹೊಡೆಯುವ ಮುನ್ನ ನಿಲ್ಲಬೇಕು, ದೂರದವನಿಗೆ ಒಂದೊಂದೇ ಗುಂಡು, ನಡುವೆ ಬಂದೂಕು ಸಾವರಿಸಿಕೊಳ್ಳಲು ಚೂರು ಬಿಡುವು. ಆದರೂ ಮಗನ ಪ್ರಾಣವೆಲ್ಲ ಆ 30 ಗುಂಡುಗಳ ದಾರಿಯಲ್ಲಿ. ಹನ್ನೆರಡನೆ ಗುಂಡಿನವರೆಗೆ ಅವನ ಕೈ ಗಟ್ಟಿ. ಆಮೇಲೆ ಬಲಕ್ಕೆ ಜಾರುತ್ತದೆ, ನೀರು ಚೆಲ್ಲಿ ಹರಿದಂತೆ ಗೋಡೆಯ ಮೇಲೆ ಒಂದು ಬಾಲ.

ಹೀಗಿರುವಾಗ ಕಾಲೇಜು ಹಬ್ಬದ ಪಂದ್ಯದಲ್ಲಿ ಅವನ ತಂಡ ಸೋತು ಬಂತು. ಸೋಲಿಗಿಂತ ಸೋತ ರೀತಿ ಅವನನ್ನು ಕೊರೆಯಿತು. ಎದುರಾಳಿಗಳಲ್ಲಿ ಒಬ್ಬನ ಬಂದೂಕು ಒದೆಯುತ್ತಲೇ ಇರಲಿಲ್ಲವಂತೆ. ಮೌಸಿನ ಜೊತೆ ಬರುವ ತಂತ್ರಾಂಶದಲ್ಲಿ ನಾಲ್ಕು ಸಾಲು ಬರೆದಿಟ್ಟರೆ, ಗುಂಡಿ ಒತ್ತಿದೊಡನೆ ಮೌಸ್ ತಾನೇ ಎದುರು ದಾರಿಯಲ್ಲಿ ಇಳಿಯುತ್ತದೆ. ದಾರಿ ಪ್ರತಿ ಸಲವೂ ಒಂದೇ ಆಗಿರುವುದರಿಂದಲೇ ಇದು ಸಾಧ್ಯ. ಕಲಿಯುವವನಿಗೆ ಯಾವುದು ಅನುಕೂಲವೋ ಕಳ್ಳನಿಗೂ ಅದೇ. ಜಾತ್ರೆಯಲ್ಲಿ ಮಾರುವ ತೂತಿನ ಕೊಳವೆಗೆ ರಂಗೋಲಿ ಪುಡಿ ತುಂಬಿ ಉರುಳಿಸಿದರೆ ಬಳ್ಳಿ ತಾನಾಗಿ ಮೂಡುವುದಿಲ್ಲವೆ, ಹಾಗೆ. ಕೊಳವೆಯವರನ್ನು ನಾನು ದೂರುವುದಿಲ್ಲ. ಅವರು ರಂಗೋಲಿ ಸ್ಪರ್ಧೆಗೆ ಬರುವುದಿಲ್ಲವಲ್ಲ.

ದೊಡ್ಡ ಪಂದ್ಯಗಳಲ್ಲಿ ಕಾವಲಿದೆ. 2018ರಲ್ಲಿ ಶಾಂಘಾಯ್‌ನ ಪಂದ್ಯಾವಳಿಯಲ್ಲಿ ನಮ್ಮ ದೇಶದ ತಂಡದ ಆಟಗಾರನೊಬ್ಬನ ಕಂಪ್ಯೂಟರಿನಲ್ಲಿ ಗುರಿ ಹಿಡಿದುಕೊಡುವ ಕಳ್ಳ ತಂತ್ರಾಂಶ ಸಿಕ್ಕಿ, ಇಡೀ ತಂಡವೇ ಹೊರಬಿತ್ತು. ಒಂದೇ ಕೀಲಿಯಿಂದ ಹಲವು ಕೆಲಸ ಮಾಡಿಸುವ ಚಮತ್ಕಾರಗಳಿಗೆ ವಾಲ್ವ್ 2024ರ ಆಗಸ್ಟಿನಲ್ಲಿ ತನ್ನ ಸರ್ವರ್‌ಗಳಲ್ಲಿ ತಡೆ ಹಾಕಿತು. ಕಾಲೇಜು ಹಬ್ಬದಲ್ಲಿ ಯಾರು ಯಾರ ಮೌಸು ಬಿಚ್ಚಿ ನೋಡುತ್ತಾರೆ?

ಆ ವಾರವೇ ಅವನ ಗೆಳೆಯನೊಬ್ಬ ಮನೆಗೆ ಬಂದ. “ಎರಡೇ ನಿಮಿಷದ ಕೆಲಸ ಆಂಟಿ,” ಎಂದು ನನಗೂ ಪೆನ್‌ಡ್ರೈವ್ ತೋರಿಸಿದ. ನಾನು ಕಾಫಿ ಕೊಟ್ಟೆ. ಕೋಣೆಯ ಬಾಗಿಲು ಮುಚ್ಚಿತು. ಏನು ಮಾತಾಯಿತೋ ನಾನು ಕೇಳಲಿಲ್ಲ, ಮಗ ಹೇಳಲಿಲ್ಲ. ಹತ್ತೊಂಬತ್ತರ ಹುಡುಗನನ್ನು ಕೇಳಿದರೆ ಸಿಗುವ ಉತ್ತರಕ್ಕಿಂತ ಕೇಳದಿದ್ದರೆ ಸಿಗುವುದೇ ಹೆಚ್ಚು ಎಂಬುದು ತರಗತಿಯ ಅನುಭವ. ಆದರೂ ನಾಲ್ಕು ದಿನ ಅಡುಗೆಮನೆಯಲ್ಲಿ ಕಿವಿ ಮಾತ್ರ ಆ ಕೋಣೆಯ ಕಡೆಗೇ ಇತ್ತು.

ಐದನೆ ದಿನ ಬಟ್ಟೆ ಮಡಿಸಿ ಇಡುವ ನೆಪದಲ್ಲಿ ಒಳಗೆ ಹೋದೆ. ಪರದೆಯ ಮೇಲೆ ಗೋಡೆ, ಗೋಡೆಯ ಮೇಲೆ ಏಳೆಂಟು ಗುಪ್ಪೆ ತೂತು. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಹದಿನೈದು, ಹದಿನಾರರವರೆಗೆ ಒತ್ತಾಗಿ ಬಿದ್ದಿವೆ. ಅಲ್ಲಿಂದಾಚೆ ಒಂದೊಂದೂ ಬಲಕ್ಕೆ ಜಾರಿ, ಒಂದೊಂದಕ್ಕೂ ಒಂದು ಬಾಲ.

“ಬಟ್ಟೆ ಅಲ್ಲೇ ಇಡಮ್ಮ,” ಎಂದ ಮಗ, ತಿರುಗಿ ನೋಡದೆ.