ತೋರಣಗಲ್ಲಿನಲ್ಲಿ ತೂಕದ ಲೆಕ್ಕ

ಹೊಸಪೇಟೆಯಿಂದ ಬಳ್ಳಾರಿ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುವುದು ಸಂಡೂರು ತಾಲ್ಲೂಕಿನ ತೋರಣಗಲ್ಲು. ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ ಜಿಂದಾಲ್ ವಿದ್ಯಾನಗರ ವಿಮಾನ ನಿಲ್ದಾಣ. ಹಂಪಿ ನೋಡಲು ಎಟಿಆರ್ ವಿಮಾನಗಳಲ್ಲಿ ಬಂದವರು ಇಳಿದದ್ದು ಇಲ್ಲೇ.

ಎಟಿಆರ್ ಉರಿಸುವುದು ಸೀಮೆಎಣ್ಣೆ ಜಾತಿಯ ಇಂಧನ. ನಾಲ್ಕು ಸೀಟಿನ ಸೆಸ್ನಾ 172ಕ್ಕೆ ಸೀಸ ಬೆರೆತ ನೀಲಿ ಪೆಟ್ರೋಲು, ಏವ್‌ಗ್ಯಾಸ್ ಬೇಕು. 2022ರಲ್ಲಿ ಇಂಡಿಯನ್ ಆಯಿಲ್ ತಯಾರಿಸತೊಡಗುವವರೆಗೆ ಅದನ್ನು ಹೊರದೇಶದಿಂದ ತರಿಸುತ್ತಿದ್ದೆವು. ಗಿರಾಕಿ ಕಡಿಮೆಯಿದ್ದಲ್ಲಿ ಮಾರುವವನು ‘ಇಷ್ಟಾದರೂ ಕೊಳ್ಳಿ’ ಎನ್ನುವುದು ಸಹಜವೇ. ಅಮೆರಿಕದ ಹಲವು ಸಣ್ಣ ನಿಲ್ದಾಣಗಳಲ್ಲಿ ಕನಿಷ್ಠ ಇಷ್ಟು ಗ್ಯಾಲನ್ ಕೊಂಡರೆ ನಿಲುಗಡೆ ಶುಲ್ಕ ಮಾಫಿ.

ಮಕ್ಕಳೇ, ಲೆಕ್ಕ ಹಾಕಿ: ಲೀಟರಿಗೆ ಸುಮಾರು 0.72 ಕಿಲೋ. 100 ಲೀಟರ್ ಹೆಚ್ಚಿಗೆ ತುಂಬಿಸಿದರೆ ಒಬ್ಬ ಆಳಿನಷ್ಟು ಭಾರ! ಕಂಪ್ಲಿಯ ಭತ್ತದ ಗಾಡಿಗೆ ಒಂದು ಮೂಟೆ ಹೆಚ್ಚಾದರೆ ಎತ್ತು ನಿಧಾನಿಸೀತು, ಅಷ್ಟೆ. ನಮ್ಮ ಸೀಮೆಯ ಮೇ ತಿಂಗಳ ಕಾದ ಗಾಳಿ ತೆಳು. ರೆಕ್ಕೆಗೂ ಎಂಜಿನ್ನಿಗೂ ಬಲ ಸಾಲದು. ಅಂಥ ಮಧ್ಯಾಹ್ನ ಪೈಲಟ್ ಶುಲ್ಕ ತೆತ್ತು, ಬೇಕಾದಷ್ಟೇ ಇಂಧನ ತುಂಬಿಸಿಕೊಂಡು ಹೊರಡಬೇಕು.