ಮುಳುಗದೆ ನಿಂತ ನೆಲ

ಜಾಲಹಳ್ಳಿಯಲ್ಲಿ ನಮ್ಮ ನೆರೆಮನೆಯವರು ಕಳೆದ ಬೇಸಗೆಯಲ್ಲಿ ಕೊಳವೆಬಾವಿಯನ್ನು ಕೊರೆಯಿಸಿದರು. ಎರಡು ಹಗಲು, ಒಂದು ಇರುಳು ಯಂತ್ರವು ಮೊರೆಯಿತು. ನೀರಿಗೆ ಬದಲು ಬೂದಿಬಣ್ಣದ ಕಲ್ಲಿನ ಹುಡಿಯೆದ್ದು ಬೀದಿಯ ಜಗಲಿಗಳನ್ನೆಲ್ಲ ಮುಚ್ಚಿತು. ಅದನ್ನು ಬೆರಳಿನಿಂದ ಒರಸುತ್ತ ನಮ್ಮ ಮೊಮ್ಮಗಳು, “ತಾತ, ಕಡಲಿನ ತಳವೆಲ್ಲ ಕ್ರಮೇಣ ಭೂಮಿಯೊಳಕ್ಕೆ ಇಳಿದುಹೋಗುತ್ತದಂತೆ. ನಮ್ಮೂರಿನ ಕಲ್ಲು ಮಾತ್ರ ಏಕೆ ಇಳಿಯಲಿಲ್ಲ?” ಎಂದು ಕೇಳಿದಳು.

ಅಮರಕೋಶದಲ್ಲಿ ಭೂಮಿಗೆ ‘ಅಚಲಾ’ ಎಂದೂ ‘ಸ್ಥಿರಾ’ ಎಂದೂ ಹೆಸರುಂಟೆಂದು ಮೂವತ್ತು ವರ್ಷ ಪಾಠ ಹೇಳಿದ ನಮಗೆ ಉತ್ತರ ತೋಚಲಿಲ್ಲ. ತಿಳಿಯದೆಂದು ಶಿಷ್ಯರ ಮುಂದೆ ಎಂದೂ ಒಪ್ಪಿಕೊಳ್ಳದಿದ್ದ ನಾವು ಆ ಹುಡುಗಿಯ ಮುಂದೆ ಒಪ್ಪಿಕೊಂಡೆವು. ಬಲ್ಲವರನ್ನು ವಿಚಾರಿಸಿ, ಒಂದು ಭಾನುವಾರ ಅವಳೊಡನೆ ತುಮಕೂರು ರಸ್ತೆಯನ್ನು ಹಿಡಿದೆವು.

ಶಿರಾ, ಹಿರಿಯೂರುಗಳನ್ನು ದಾಟಿ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯನ್ನು ಸೇರಿದೆವು. ಅಲ್ಲಿನ ಬಂಡೆಗಳು ಒಂದರ ಮೇಲೊಂದು ಪೇರಿಸಿದ ದಿಂಬುಗಳಂತಿರುವುವು. ಕುದಿವ ಶಿಲಾರಸವು ನೀರಿನೊಳಗೆ ಉಕ್ಕಿದಾಗ ಹೊರಮೈ ಕೂಡಲೆ ಗಟ್ಟಿಯಾಗಿ, ಒಳಗಿನ ರಸ ಉಬ್ಬಿ ಇಂತಹ ಆಕಾರವಾಗುವುದು. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷವೆಂದು ಎಣಿಕೆ. ಸರ್ಕಾರದ ಭೂವಿಜ್ಞಾನ ಇಲಾಖೆಯವರು ಈ ತಾಣವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿರುವರು. ಮೊಮ್ಮಗಳು ಒಂದು ದಿಂಬಿಗೆ ಕೆನ್ನೆಯಾನಿಸಿ ನೋಡಿದಳು. ಒಣಗಿದ ಬಯಲುಸೀಮೆಯ ನಡುವೆ, ಒಮ್ಮೆ ನೀರಿನಡಿಯಲ್ಲಿದ್ದ ನೆಲ!

ಇನ್ನು ಅವಳ ಪ್ರಶ್ನೆ. ಭೂಮಿಯ ಹೊರಪದರವು ಹಲವು ಫಲಕಗಳಾಗಿ ಒಡೆದಿರುವುದು. ಕೆಲವೆಡೆ ಕಡಲತಳದ ಫಲಕವು ಮತ್ತೊಂದರಡಿಗೆ ಜಾರಿ ಭೂಗರ್ಭಕ್ಕಿಳಿಯುವುದು. ಆದುದರಿಂದಲೇ ಇಂದಿನ ಮಹಾಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಭಾಗ ಬಲು ವಿರಳ. ಆದರೆ ಅಲ್ಲಲ್ಲಿ ಶಿಲಾರಸವು ಅಪಾರವಾಗಿ ಉಕ್ಕಿ, ಸಾಗರದೊಳಗೇ ದಪ್ಪನಾದ ಪ್ರಸ್ಥಭೂಮಿಗಳಾಗಿರುವುವು. ಬಾಗಿಲಿನ ಸಂದಿಯಲ್ಲಿ ಚಾಪೆ ನುಸುಳುವುದು; ಹಾಸಿಗೆಯ ಸುರುಳಿ ನುಸುಳದು. ಈ ಪ್ರಸ್ಥಭೂಮಿಗಳ ಗತಿಯೂ ಅಂತಹುದೇ.

ಪೆಸಿಫಿಕ್ ಸಾಗರದ ಒಂಟಾಂಗ್ ಜಾವಾ ಎಂಬುದು ಹೀಗೆ ಸುಮಾರು 12 ಕೋಟಿ ವರ್ಷಗಳ ಹಿಂದೆ ಉಂಟಾಯಿತು. ಅದರ ವಿಸ್ತಾರ ಕರ್ನಾಟಕದ ಸುಮಾರು ಹತ್ತರಷ್ಟು. ಸಾಮಾನ್ಯ ಕಡಲತಳದ ದಪ್ಪ 7 ಕಿಲೋಮೀಟರಾದರೆ ಇದರದು 30ಕ್ಕೂ ಮಿಕ್ಕದು. ಸಾಲೊಮನ್ ದ್ವೀಪಗಳ ಬಳಿಗೆ ಬಂದಾಗ ಇದು ಇಳಿಯಲೊಲ್ಲದೆ ಸಿಕ್ಕಿಕೊಂಡಿತು. ಕೆಳಗಿನ ಭಾಗ ಕೊಂಚ ಇಳಿಯಿತಾದರೂ ಮೇಲಿನ ಪದರಗಳು ಕಳಚಿ ದಡಕ್ಕೆ ಅಂಟಿದುವು. ಮಲೈಟಾ ದ್ವೀಪದಲ್ಲಿ ಅವನ್ನು ನೀರಿನ ಮೇಲೆಯೇ ಕಾಣಬಹುದು. ಇಷ್ಟೇ ಅಲ್ಲ. ಇಳಿವಿನ ದಿಕ್ಕೇ ತಿರುಗಿತು. ಮೊದಲು ಉತ್ತರದಿಂದ ಪೆಸಿಫಿಕ್ ಫಲಕವು ಇಳಿಯುತ್ತಿತ್ತು. ಈಗ ದಕ್ಷಿಣದಿಂದ ಆಸ್ಟ್ರೇಲಿಯದ ಫಲಕವೇ ಇಳಿಯುತ್ತಿರುವುದು.

ನಮ್ಮ ಸೀಮೆಯಲ್ಲಿಯೂ ಹೀಗೆ ನಡೆದಿರಬಹುದೆಂದು ಪಂಡಿತರಲ್ಲಿ ಒಂದು ಪಕ್ಷ. ತುಮಕೂರು ಜಿಲ್ಲೆಯ ಬಾಣಸಂದ್ರದ ಸುತ್ತಲ ಸುಮಾರು 335 ಕೋಟಿ ವರ್ಷದ ಶಿಲೆಗಳು ಪ್ರಾಚೀನ ಸಾಗರ ಪ್ರಸ್ಥಭೂಮಿಯೊಂದರ ಉಳಿಕೆಯೆಂದು ಅವರ ಊಹೆ. ಅಂತಹ ದಪ್ಪನೆಯ ನೆಲದ ಬುಡ ಕಾವಿಗೆ ಕರಗಿ, ಹಗುರವಾದ ಶಿಲೆಯಾಗಿ ಮೇಲೆದ್ದಿತಂತೆ. ಲಾಲ್‌ಬಾಗಿನ ಗುಡ್ಡವೂ ಜಾಲಹಳ್ಳಿಯ ತಳವೂ ಆ ಹಗುರ ಜಾತಿಯವೇ. ಅಷ್ಟು ಪುರಾತನಕಾಲದಲ್ಲಿ ಫಲಕಗಳು ಇಂದಿನಂತೆ ಚಲಿಸುತ್ತಿದ್ದುವೆಂಬುದನ್ನು ಒಪ್ಪದ ವಿದ್ವಾಂಸರೂ ಉಂಟು. ಹಗುರವಾದುದರಿಂದ ನಮ್ಮ ಕಲ್ಲು ಮುಳುಗಲಿಲ್ಲವೆಂಬುದರಲ್ಲಿ ಮಾತ್ರ ವಿವಾದವಿಲ್ಲ.

ನಾವು ಹಿಂದಿರುಗುವಷ್ಟರಲ್ಲಿ ನೆರೆಯವರ ಬಾವಿಯ ಬಾಯಿಗೆ ಮುಚ್ಚಳ ಬಿದ್ದಿತ್ತು; ಕೂಡಿಟ್ಟ ಹಣ ಹುಡಿಯಾಗಿತ್ತು. ಈ ಶಿಲೆಯಲ್ಲಿ ಬಿರುಕುಗಳಲ್ಲಲ್ಲದೆ ನೀರಿಗೆ ತಾಣವಿಲ್ಲ. ನಮ್ಮನ್ನು ಹೊತ್ತು ನಿಂತಿರುವ ಗಟ್ಟಿತನವೇ ನೀರನ್ನು ಒಳಗೆ ಬಿಡದು. ಇದನ್ನು ಅವರಿಗೆ ತಿಳಿಯಹೇಳಿದೆವು. ಈ ಮುಂಗಾರಿಗೆ ಎರಡು ಮನೆಗಳ ಮಾಳಿಗೆಯ ನೀರೂ ಒಂದೇ ತೊಟ್ಟಿಗೆ ಬೀಳುತ್ತಲಿದೆ. ಮೊಮ್ಮಗಳು ದಿನವೂ ಕೋಲಿಳಿಸಿ ಅದರ ಆಳವನ್ನು ಅಳೆಯುವಳು.